ಕೆಲಸದ ಜೊತೆಗೇ ಗೆಳೆಯರು ಸೇರಿ ಮೊಬೈಲ್, ಕಂಪ್ಯೂಟರ್ ಆ್ಯಪ್ ಮಾಡಬಹುದಾ? ಎಲ್ಲಿಂದ ಶುರು ಮಾಡಬೇಕು?

ನೀವು ಮೂವರು ರಾಯಚೂರಿನಲ್ಲಿ ಒಟ್ಟಿಗೆ ಓದಿದವರು, ಈಗ ಬೇರೆ ಬೇರೆ ಕಡೆ ಕೆಲಸದಲ್ಲಿದ್ದೀರಿ. ಬಿಡುವಿನಲ್ಲಿ ಆ್ಯಪ್ ಮಾಡಬೇಕು ಅಂತಿದ್ದೀರಿ. ಯಾವುದರಲ್ಲಿ ಬರೆಯಬೇಕು, ಎಷ್ಟು ಖರ್ಚಾಗುತ್ತದೆ ಅಂತ ಕೇಳಿದ್ದೀರಿ. ಎರಡನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ನಾನೇ ಒಂದು ಕೇಳಲಾ? ನಿಮ್ಮ ಆ್ಯಪ್ ಯಾವಾಗ ಬರುತ್ತದೆ ಅಂತ ಕಾಯುತ್ತಿರುವವರು ಯಾರಾದರೂ ಇದ್ದಾರಾ? ಹೆಸರು ಹಿಡಿದು ಹೇಳುವಂಥ ಒಬ್ಬರು?

ನಾನು ಗಂಗಾವತಿಯವನು. ಹಗಲು ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಒಬ್ಬ ಗೆಳೆಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಇನ್ನೊಬ್ಬ ಕಾರಟಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಾವು ಮೊದಲು ಮಾಡಲು ಹೊರಟಿದ್ದು ಇಡೀ ಊರಿಗೆ ಒಂದು ಆ್ಯಪ್. ಅಂಗಡಿ, ಆಟೊ, ಡಾಕ್ಟರು, ಪ್ಲಂಬರು, ಎಲ್ಲ ಅದರಲ್ಲೇ ಸಿಗಬೇಕು ಅಂತ. ಎಂಟು ತಿಂಗಳು ಮಾಡಿದೆವು. ಲೋಗೊ ಮೂರು ಸಲ ಬದಲಾಯಿತು. ಆಮೇಲೆ ಬೆಂಗಳೂರಿನ ಗೆಳೆಯನಿಗೆ ಆಫೀಸಿನಲ್ಲಿ ಕೆಲಸ ಜಾಸ್ತಿಯಾಯಿತು, ನನಗೆ ಮಿಲ್ಲಿನಲ್ಲಿ ಸೀಸನ್ ಬಂತು. ಎರಡು ಭಾನುವಾರ ತಪ್ಪಿತು, ಆಮೇಲೆ ಯಾರೂ ಕೂರಲೇ ಇಲ್ಲ. ಜಗಳ ಏನೂ ಆಗಲಿಲ್ಲ. ಆ್ಯಪ್ ಎಲ್ಲಿಗೆ ಬಂತು ಅಂತ ಊರಲ್ಲಿ ಒಬ್ಬರೂ ಕೇಳಲಿಲ್ಲ, ಅದಕ್ಕೇ ನಿಂತಿತು.

ಎರಡನೆಯದು ಮಾತ್ರ ಇವತ್ತಿಗೂ ನಡೆಯುತ್ತಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾರಟಗಿ ಗೆಳೆಯನ ಅಣ್ಣನಿಗೆ ಎರಡು ಭತ್ತ ಕಟಾವು ಮಷಿನ್ ಇವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕಡೆ ಹೇಗಿದೆ ಅಂತ ನಿಮಗೂ ಗೊತ್ತಲ್ವಾ, ಸಿಂಧನೂರು ದಾರಿಯಲ್ಲಿ ನೋಡಿರುತ್ತೀರಿ. ನವೆಂಬರ್, ಡಿಸೆಂಬರ್ ಬಂತೆಂದರೆ ಎಲ್ಲರ ಗದ್ದೆಯೂ ಒಟ್ಟಿಗೇ ಕೊಯ್ಲಿಗೆ ಬರುತ್ತದೆ. ನೀರು ಸಿಕ್ಕ ವರ್ಷ ಬೇಸಿಗೆ ಬೆಳೆಗೂ ಅಷ್ಟೇ. ಮಷಿನ್ ಬಾಡಿಗೆ ಗಂಟೆ ಲೆಕ್ಕ. ಡ್ರೈವರ್ ಜೇಬಿನಲ್ಲಿ ಒಂದು ಸಣ್ಣ ಡೈರಿ. ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ರೈತರ ಹೆಸರು ಅದರಲ್ಲಿ. ಜಗಳ ಹುಟ್ಟುತ್ತಿದ್ದದ್ದು ನಡುವಿನ ಹೊತ್ತಿಗೆ. ಮಷಿನ್ ಕೆಸರಿನಲ್ಲಿ ಹೂತುಕೊಂಡ ಅರ್ಧ ಗಂಟೆ ಯಾರ ಲೆಕ್ಕಕ್ಕೆ? ಟ್ರ್ಯಾಕ್ಟರ್ ಟ್ರಾಲಿ ಬರುವುದು ತಡವಾಗಿ, ತುಂಬಿದ ಟ್ಯಾಂಕ್ ಹೊತ್ತುಕೊಂಡು ಸುಮ್ನೆ ನಿಂತ ಹೊತ್ತು ಯಾರದ್ದು? ಬೆಲ್ಟ್ ಹರಿದರೆ? ಸೀಸನ್ ಮುಗಿದ ಮೇಲೆ ಆ ಅಣ್ಣ ಡೈರಿ ಹಿಡಿದು ಮನೆ ಮನೆ ತಿರುಗಬೇಕಿತ್ತು. ಅರ್ಧ ಬಾಕಿ ವಾದದಲ್ಲೇ ಹೋಗುತ್ತಿತ್ತು.

ಅವರೇ ಒಂದು ದಿನ ಕೇಳಿದರು, "ನೀವೆಲ್ಲ ಆ್ಯಪ್ ಮಾಡ್ತೀರಂತಲ್ಲ, ಇದಕ್ಕೊಂದು ಮಾಡಿಕೊಡ್ರಿ." ಆ ಒಂದು ಮಾತು ನಮ್ಮನ್ನು ಎರಡು ವರ್ಷ ನಡೆಸಿದೆ.

ಮೊದಲ ಸಲ ಮಾಡಿಕೊಟ್ಟಾಗ ಡ್ರೈವರ್ ಅದನ್ನು ಮುಟ್ಟಲಿಲ್ಲ. ಒಂದು ದಿನ ನಾನೇ ಹೋಗಿ ಮಷಿನ್ ಮೇಲೆ ಅವರ ಪಕ್ಕ ಕೂತೆ. ಆಗ ಕಣ್ಣಿಗೆ ಬಿತ್ತು. ನಮ್ಮ ಮೊದಲ ಪರದೆಯಲ್ಲಿ ಆರು ಖಾನೆ ಇದ್ದವು: ಹೆಸರು, ಊರು, ಸರ್ವೆ ನಂಬರ್, ಎಕರೆ, ದರ, ಫೋನ್. ಬಿಸಿಲಿಗೆ ಬೂದು ಅಕ್ಷರ ಕಾಣುತ್ತಲೇ ಇರಲಿಲ್ಲ. ಭತ್ತದ ಧೂಳು ಕೈಗೆ, ಫೋನಿಗೆ, ಕಣ್ಣಿನ ರೆಪ್ಪೆಗೆಲ್ಲ ಮೆತ್ತಿಕೊಂಡಿತ್ತು. ಅವರು ಹೇಳಿದ್ದು ಇಷ್ಟೇ: "ತಮ್ಮಾ, ನನ್ನ ಎರಡೂ ಕೈ ಇಲ್ಲೇ ಇರ್ತಾವ. ಇಷ್ಟೆಲ್ಲ ಬರಿಯಾಕ ಎಲ್ಲಿ ಆಗ್ತೈತಿ?"

ಮುಂದಿನ ಭಾನುವಾರ ಆರೂ ಖಾನೆ ತೆಗೆದೆವು. ಅರ್ಧ ಪರದೆ ತುಂಬುವ ಒಂದೇ ಬಟನ್ ಇಟ್ಟೆವು. ಮಷಿನ್ ಓಡುತ್ತಿದ್ದರೆ ಹಸಿರು, ನಿಂತರೆ ಕೆಂಪು. ನಿಲ್ಲಿಸಿದಾಗ ಮಾತ್ರ ನಾಲ್ಕು ದೊಡ್ಡ ಮಾತು ಕಾಣುತ್ತವೆ: ಕೆಸರು, ಟ್ರಾಲಿ, ರಿಪೇರಿ, ಊಟ. ಒಂದನ್ನು ಹೆಬ್ಬೆರಳಿನಿಂದ ಒತ್ತಿದರೆ ಆಯಿತು. ಹೆಸರು, ಊರು ಎಲ್ಲ ಗದ್ದೆ ಮುಗಿದ ಮೇಲೆ, ಇಳಿದು ನೀರು ಕುಡಿಯುವಾಗ. ಕೆಸರು, ಟ್ರಾಲಿ ರೈತರ ಲೆಕ್ಕಕ್ಕೆ, ರಿಪೇರಿ, ಊಟ ಮಷಿನ್ ಲೆಕ್ಕಕ್ಕೆ ಅಂತ ಆ ಅಣ್ಣನೇ ನಿಯಮ ಮಾಡಿ, ಕೆಲಸ ಹಿಡಿಯುವಾಗಲೇ ರೈತರಿಗೆ ಹೇಳಲು ಶುರು ಮಾಡಿದರು. ಅರ್ಧ ಜಗಳ ಆ ನಿಯಮಕ್ಕೇ ಕಡಿಮೆಯಾಯಿತು.

ಉಳಿದರ್ಧ ಕಡಿಮೆಯಾಗಿದ್ದು ಚೀಟಿಯಿಂದ. ರೈತರಿಗೆ ಕೈಗೆ ಕಾಗದ ಬೇಕು, ಅದು ನ್ಯಾಯವೇ. ಬಸ್ ಟಿಕೆಟ್ ಥರ ಚೀಟಿ ಕೊಡುವ ಸಣ್ಣ ಬ್ಲೂಟೂತ್ ಪ್ರಿಂಟರ್ ತಂದೆವು, 58 ಮಿಲಿಮೀಟರ್ ಕಾಗದದ್ದು. ಇಂಗ್ಲಿಷ್ ಚೆನ್ನಾಗಿ ಬಂತು. ಕನ್ನಡ ಕಳಿಸಿದರೆ ಬರೀ ಪ್ರಶ್ನೆ ಚಿಹ್ನೆ. ಇಂಥ ಪ್ರಿಂಟರ್‌ನೊಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಪಿಡಿಎಫ್ ಮಾಡಿ ಕಳಿಸೋಣ ಅಂದುಕೊಂಡರೆ ನಾವು ಬಳಸಿದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಒತ್ತಕ್ಷರ ಬಿಡಿಸಿ ಹಾಕಿತು. 'ಭತ್ತ' ಹೋಗಿ 'ಭತ್‌ತ' ಆಯಿತು, 'ಸಿದ್ದಾಪುರ' ಹೋಗಿ 'ಸಿದ್‌ದಾಪುರ' ಆಯಿತು. ಭತ್ತದ ನಾಡಿನಲ್ಲಿ ಭತ್ತ ಅಂತ ಸರಿಯಾಗಿ ಬರೆಯದ ಚೀಟಿಯನ್ನು ರೈತರ ಕೈಗೆ ಕೊಡಲು ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಸಿಕ್ಕ ದಾರಿ ಸರಳ. ಫೋನಿನ ಪರದೆಯ ಮೇಲೆ ಕನ್ನಡ ಸರಿಯಾಗೇ ಕಾಣುತ್ತದೆ, ಅಲ್ವಾ? ಆ ಜೋಡಣೆಯನ್ನು ಹಾರ್ಫ್‌ಬಜ್ ಅನ್ನುವ ಲೈಬ್ರರಿ ಮಾಡಿಕೊಡುತ್ತದೆ. ಹಾಗಾಗಿ ಚೀಟಿಯನ್ನು ಪರದೆಯಲ್ಲೇ ಬರೆದು, ಅದನ್ನು ಒಂದು ಚಿತ್ರ ಮಾಡಿ, ಆ ಚಿತ್ರವನ್ನೇ ಪ್ರಿಂಟರ್‌ಗೆ ಕಳಿಸಿದೆವು. ಈ ಪ್ರಿಂಟರ್ ಒಂದು ಮಿಲಿಮೀಟರಿಗೆ 8 ಚುಕ್ಕಿ ಹಾಕುತ್ತದೆ. ಅಚ್ಚಾಗುವ ಅಗಲ 48 ಮಿಲಿಮೀಟರ್. ಅಂದರೆ ಚಿತ್ರದ ಅಗಲ ಸರಿಯಾಗಿ 384 ಚುಕ್ಕಿ ಇರಬೇಕು. ಅಕ್ಷರ ಸಣ್ಣದಾದರೆ ಒತ್ತು ಮಸುಕಾಗುತ್ತದೆ, ಹಾಗಾಗಿ ಸ್ವಲ್ಪ ದೊಡ್ಡದೇ ಇಟ್ಟೆವು. ಇದೊಂದಕ್ಕೆ ನಾಲ್ಕು ಭಾನುವಾರ ಹಿಡಿಯಿತು. 'ಕೆಸರಿನಲ್ಲಿ ನಿಂತದ್ದು: 25 ನಿಮಿಷ' ಅಂತ ಚೀಟಿ ಹೊರಗೆ ಬಂದ ದಿನ ನಾವು ಮೂವರೂ ಅಂಗಡಿಯಲ್ಲೇ ಒಗ್ಗರಣಿ ಮಿರ್ಚಿ ತರಿಸಿ ತಿಂದೆವು.

ಒಂದು ತಪ್ಪಿನ ಬಗ್ಗೆ ಎಚ್ಚರಿಸಬೇಕು. ಹಳೆ ಡೈರಿಯನ್ನು ಕಂಪ್ಯೂಟರಿಗೆ ಏರಿಸುವಾಗ ಡ್ರೈವರ್ 2.30 ಅಂತ ಬರೆದಿದ್ದರು. ಅವರ ಲೆಕ್ಕದಲ್ಲಿ ಅದು ಎರಡೂವರೆ ಗಂಟೆ. ನಮ್ಮ ಕೋಡ್ ಅದನ್ನು ಎರಡು ಪಾಯಿಂಟ್ ಮೂರು ಗಂಟೆ ಅಂತ ಓದಿತು. ಪ್ರತಿ ಸಲ 12 ನಿಮಿಷ ಖೋತಾ. ಕಂಡುಹಿಡಿದಿದ್ದು ಆ ಅಣ್ಣನ ಹೆಂಡತಿ. ಕಂಪ್ಯೂಟರಿನಲ್ಲಿ ಲೆಕ್ಕ ನೋಡುವವರು ಅವರೇ. ಬಾಯಿಲೆಕ್ಕಕ್ಕೂ ಪರದೆಗೂ ತಾಳೆಯಾಗುತ್ತಿಲ್ಲ ಅಂತ ಅವರು ಹಟ ಹಿಡಿಯದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಒಳಗೆಲ್ಲ ನಿಮಿಷದಲ್ಲೇ ಇಡುತ್ತೇವೆ. ತೋರಿಸುವಾಗ ಮಾತ್ರ ಗಂಟೆ ಮಾಡುತ್ತೇವೆ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ನಾವು ಬರೆದಿದ್ದು ಆ್ಯಪ್ ಕಟ್ಟುವ ಸಾಧನವಾದ ಗೂಗಲ್‌ನ ಫ್ಲಟ್ಟರ್‌ನಲ್ಲಿ, ಭಾಷೆ ಡಾರ್ಟ್. ಫೋನಿಗೂ ವಿಂಡೋಸಿಗೂ ಹೆಚ್ಚುಕಡಿಮೆ ಒಂದೇ ಕೋಡ್ ಸಾಕು ಅನ್ನುವುದೇ ಕಾರಣ. 2022ರಿಂದ ಅದರಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಆ್ಯಪ್ ಮಾಡಬಹುದು. ನಿಮ್ಮಲ್ಲಿ ಯಾರಿಗಾದರೂ ವೆಬ್ ಕೆಲಸ ಚೆನ್ನಾಗಿ ಬರುತ್ತಿದ್ದರೆ ವೆಬ್ ಪುಟದ ಕೋಡಿನಿಂದಲೇ ಕಂಪ್ಯೂಟರ್ ಆ್ಯಪ್ ಮಾಡುವ ಎಲೆಕ್ಟ್ರಾನ್ ಸುಲಭ. ಆದರೆ ಅದು ಇಡೀ ಕ್ರೋಮಿಯಂ ಬ್ರೌಸರನ್ನೇ ಹೊತ್ತು ತರುವುದರಿಂದ ಗಾತ್ರ ದೊಡ್ಡದು. ಜೊತೆಗೆ 23ನೇ ಆವೃತ್ತಿಯಿಂದ ಅದು ವಿಂಡೋಸ್ 7 ಮೇಲೆ ಓಡುವುದಿಲ್ಲ. ನಮ್ಮ ಕಡೆಯ ಮಿಲ್ಲು, ಅಡತ್ ಅಂಗಡಿಗಳಲ್ಲಿ ವಿಂಡೋಸ್ 7 ನಾನು ಇನ್ನೂ ನೋಡುತ್ತೇನೆ. ಮೊದಲು ನಿಮ್ಮ ಆ್ಯಪ್ ಬಳಸುವವರ ಕಂಪ್ಯೂಟರ್ ಯಾವುದು ನೋಡಿ, ಆಮೇಲೆ ಆರಿಸಿ.

ಗದ್ದೆಯಲ್ಲಿ ನೆಟ್‌ವರ್ಕ್ ನಂಬಬೇಡಿ. ನಮ್ಮದು ಎಲ್ಲವನ್ನೂ ಫೋನಿನಲ್ಲೇ ಇರುವ ಸಣ್ಣ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ನಲ್ಲಿ ಬರೆದಿಡುತ್ತದೆ. ರಾತ್ರಿ ಡ್ರೈವರ್ ಒಂದು ಸಣ್ಣ ಫೈಲ್ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ, ಮನೆಯ ಕಂಪ್ಯೂಟರ್ ಅದನ್ನು ಓದಿಕೊಳ್ಳುತ್ತದೆ. ಸರ್ವರ್ ಇಲ್ಲ, ತಿಂಗಳ ಬಾಡಿಗೆಯೂ ಇಲ್ಲ. ಒಂದೇ ಫೈಲ್ ಎರಡು ಸಲ ಏರಿಸಿದರೆ ಲೆಕ್ಕ ಎರಡರಷ್ಟಾಗುತ್ತಿತ್ತು. ಪ್ರತಿ ನಮೂದಿಗೂ ಫೋನಿನಲ್ಲೇ ಒಂದು ಬೇರೆ ಗುರುತಿನ ಸಂಖ್ಯೆ ಕೊಟ್ಟ ಮೇಲೆ ಅದು ನಿಂತಿತು.

ಖರ್ಚಿನ ವಿಷಯ. ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್, ನಮ್ಮ ಡ್ರೈವರುಗಳ ಕೈಯಲ್ಲಿ ಐಫೋನ್ ಇಲ್ಲ, ಹಾಗಾಗಿ ಅದನ್ನು ಬಿಟ್ಟೆವು. ಹೊಸದಾಗಿ ವೈಯಕ್ತಿಕ ಖಾತೆ ತೆರೆದರೆ ಆ್ಯಪ್ ಎಲ್ಲರಿಗೂ ಬಿಡುವ ಮೊದಲು 12 ಜನ ಸತತ 14 ದಿನ ಪರೀಕ್ಷೆಗೆ ಸೇರಿಕೊಂಡಿರಬೇಕು ಅಂತ ಗೂಗಲ್ ನಿಯಮ ಇದೆ. ಆ 12 ಜನರನ್ನು ಈಗಲೇ ಹುಡುಕಿಟ್ಟುಕೊಳ್ಳಿ. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಅದನ್ನು ಖಾಸಗಿಯಾಗಿ ಇಡಲು ಮೂವರಿಗೂ ದುಡ್ಡು ಬೇಕಿಲ್ಲ.

ನಾವು ಮೊದಲ ಸೀಸನ್ ಪ್ಲೇ ಸ್ಟೋರ್‌ಗೆ ಹೋಗಲೇ ಇಲ್ಲ, ಆ್ಯಪ್ ಇನ್‌ಸ್ಟಾಲ್ ಮಾಡುವ ಎಪಿಕೆ ಫೈಲನ್ನು ಡ್ರೈವರುಗಳಿಗೆ ನೇರ ಕೊಟ್ಟೆವು. ಅಲ್ಲೊಂದು ಪೆಟ್ಟು ತಿಂದೆವು. ಆ್ಯಪ್‌ಗೆ ಸಹಿ ಹಾಕುವ, ಅಂದರೆ ಅದು ನಮ್ಮದೇ ಅಂತ ಫೋನಿಗೆ ತೋರಿಸುವ ಕೀ ಫೈಲ್ ಒಬ್ಬನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇತ್ತು. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಯಿತು, ಕೀ ಹೋಯಿತು. ಬೇರೆ ಕೀ ಹಾಕಿದ ಆ್ಯಪನ್ನು ಫೋನ್ ಹಳೆಯದರ ಮೇಲೆ ಕೂರಿಸಿಕೊಳ್ಳುವುದಿಲ್ಲ. ಹಳೆಯದನ್ನು ತೆಗೆದರೆ ಒಳಗಿನ ಲೆಕ್ಕವೂ ಹೋಗುತ್ತದೆ. ಪ್ರತಿ ಡ್ರೈವರ್ ಹತ್ತಿರ ಹೋಗಿ ಫೈಲ್ ಕಳಿಸಿಕೊಂಡು, ಆಮೇಲೆ ಹೊಸದು ಹಾಕಿಕೊಟ್ಟೆವು. ಅವತ್ತು ಯಾರೂ ಆ ಗೆಳೆಯನನ್ನು ಬೈಯಲಿಲ್ಲ. ಒಂದೇ ಕಡೆ ಇಟ್ಟಿದ್ದು ಮೂವರ ತಪ್ಪೇ ಆಗಿತ್ತು. ಕೀಯನ್ನು ಮೂರು ಕಡೆ ಇಡಿ, ಪಾಸ್‌ವರ್ಡ್ ಕಾಗದದಲ್ಲಿ ಬರೆದಿಡಿ.

ಗೆಳೆತನದ ಬಗ್ಗೆಯೂ ಎರಡು ಮಾತು. ಶುರುವಿನಲ್ಲೇ ಒಂದು ನೋಟ್‌ಬುಕ್ ಹಾಳೆಯಲ್ಲಿ ಬರೆದುಕೊಳ್ಳಿ. ದುಡ್ಡು ಬಂದರೆ ಹೇಗೆ ಹಂಚಿಕೆ, ಯಾರಾದರೂ ಬಿಟ್ಟರೆ ಕೋಡ್ ಯಾರದ್ದು, ಖಾತೆ ಯಾರ ಹೆಸರಲ್ಲಿ. ಗೆಳೆಯರ ನಡುವೆ ಇದೆಲ್ಲ ಯಾಕೆ ಅಂತ ನನಗೂ ಮುಜುಗರ ಆಗಿತ್ತು. ಬರೆದ ಮೇಲೆ ಮನಸ್ಸು ಹಗುರವಾಯಿತು. ಕೋಡ್ ಬರೆಯದವನ ಪಾಲನ್ನು ಕಡಿಮೆ ಮಾಡಬೇಡಿ. ಕಾರಟಗಿ ಗೆಳೆಯ ಒಂದು ಸಾಲೂ ಬರೆದಿಲ್ಲ. ಆದರೆ ಡ್ರೈವರುಗಳ ಫೋನ್ ಕೆಟ್ಟರೆ ಸರಿ ಮಾಡುವುದು, ಅವರ ಮಾತು ನಮಗೆ ಮುಟ್ಟಿಸುವುದು ಅವನೇ. ಪಾಲು ಮೂವರಿಗೂ ಸಮ. ಇನ್ನೊಂದು, ನಿಮ್ಮ ಕಂಪನಿಯ ನೇಮಕಾತಿ ಪತ್ರ ಒಮ್ಮೆ ಪೂರ್ತಿ ಓದಿ. ಹೊರಗೆ ಮಾಡಿದ ಕೆಲಸವೂ ಕಂಪನಿಗೇ ಸೇರುತ್ತದೆ ಅಂತ ಕೆಲವರು ಬರೆದಿರುತ್ತಾರೆ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಇದನ್ನು ತೆರೆಯಲೇ ಬೇಡಿ.

ಈಗ ಏಳು ಮಷಿನ್‌ಗಳ ಲೆಕ್ಕ ನಮ್ಮ ಆ್ಯಪ್‌ನಲ್ಲಿ ನಡೆಯುತ್ತಿದೆ. ಸೀಸನ್ನಿಗೆ ಇಷ್ಟು ಅಂತ ಸಣ್ಣ ಮೊತ್ತ ತೆಗೆದುಕೊಳ್ಳುತ್ತೇವೆ, ಮೂವರ ಸಂಬಳ ಬಿಡುವಷ್ಟು ದುಡ್ಡು ಅಲ್ಲ. ತೆಲುಗಿನವರು ನೆಲೆಸಿರುವ ಕ್ಯಾಂಪ್‌ಗಳ ಕಡೆಯ ರೈತರು ಚೀಟಿ ತೆಲುಗಿನಲ್ಲೂ ಬೇಕು ಅಂತ ಕೇಳಿದ್ದಾರೆ. ಈ ತಿಂಗಳ ಭಾನುವಾರಗಳೆಲ್ಲ ಅದಕ್ಕೇ.

ರಾಯಚೂರಿನಲ್ಲಿ ನಿಮಗೆ ಹತ್ತಿ ಮಾರುಕಟ್ಟೆ ಇದೆ, ತೂಕದ ಚೀಟಿ ಬರೆಯುವವರಿದ್ದಾರೆ. ಈ ಭಾನುವಾರ ಲ್ಯಾಪ್‌ಟಾಪ್ ತೆರೆಯಬೇಡಿ, ಗುರುತಿನವರೊಬ್ಬರ ಪಕ್ಕ ಅರ್ಧ ದಿನ ಕೂತು ಅವರ ಪುಸ್ತಕ ನೋಡಿ. ಕನ್ನಡ ಚೀಟಿಯನ್ನು ಪ್ರಿಂಟರ್‌ಗೆ ಕಳಿಸುವ ನಮ್ಮ ಕೋಡ್ ಬೇಕಿದ್ದರೆ ಕೇಳಿ, ಹಾಗೇ ಕೊಡುತ್ತೇನೆ. ಅದಕ್ಕೆ ನೀವೂ ನಾಲ್ಕು ಭಾನುವಾರ ಕಳೆಯುವುದು ಬೇಡ.