ರೇಡಿಯೋ ಬರುತ್ತೆ, ಕ್ಯಾಸೆಟ್ ತಿರುಗಲ್ಲ: ಹಳೇ ಟೂ-ಇನ್-ಒನ್ ಮನೆಯಲ್ಲೇ ರಿಪೇರಿ ಮಾಡಬಹುದಾ?

ಮಾಡಬಹುದು. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ರೇಡಿಯೋ ಸ್ಪಷ್ಟವಾಗಿ ಬರುತ್ತೆ, ಪ್ಲೇ ಒತ್ತಿದರೆ ಒಳಗೆ ಮೋಟಾರ್ ಗುಂಯ್‌ಗುಡುತ್ತೆ, ಚಕ್ರ ಮಾತ್ರ ಅಲ್ಲಾಡಲ್ಲ ಅಂದಿದ್ದೀರಿ. ಅಂದರೆ ಪವರ್ ಸಪ್ಲೈ, ಸ್ಪೀಕರ್, ಮೋಟಾರ್ ಎಲ್ಲ ಸರಿಯಿವೆ. ಹೋಗಿರೋದು ಬಹುಮಟ್ಟಿಗೆ ಮೋಟಾರಿನ ತಿರುಗನ್ನು ಚಕ್ರಕ್ಕೆ ಮುಟ್ಟಿಸುವ ರಬ್ಬರ್ ಬೆಲ್ಟ್. ಅಂಗಡಿಯವರು "ಬೋರ್ಡೇ ಹೋಗಿದೆ" ಅಂದರಂತೆ. ಬಿಚ್ಚಿ ನೋಡದೆ ಹೇಳಿದ್ದಾದರೆ ಆ ಮಾತನ್ನು ನಾನಂತೂ ನಂಬಲ್ಲ.

ಮೊದಲು ಪ್ಲಗ್ ಕಿತ್ತು, ಸೆಲ್ ತೆಗೆಯಿರಿ. ಇಂಥ ಸೆಟ್‌ಗಳಲ್ಲಿ ಸ್ವಿಚ್ ಆಫ್ ಇದ್ದರೂ ಟ್ರಾನ್ಸ್‌ಫಾರ್ಮರ್ ತನಕ 230 ವೋಲ್ಟ್ ಬರುತ್ತಲೇ ಇರಬಹುದು. ಹಿಂಬದಿಯಲ್ಲಿ ಬಾಣದ ಗುರುತಿರುವ ಸ್ಕ್ರೂಗಳನ್ನು ಬಿಚ್ಚಿ. ಸೆಲ್ ಹಾಕುವ ಗೂಡಿನೊಳಗೂ ಒಂದು ಅಡಗಿರಬಹುದು. ಮುಚ್ಚಳ ಬಂತು ಅಂತ ಎಳೆಯಬೇಡಿ, ಆಂಟೆನಾ ಮತ್ತು ಸೆಲ್ ಗೂಡಿನ ವೈರ್‌ಗಳು ಅದಕ್ಕೇ ಬೆಸೆದಿರುತ್ತವೆ. ಹಂತಹಂತಕ್ಕೂ ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ.

ಹಳೇ ಬೆಲ್ಟ್ ಒಂದೋ ಸಡಿಲವಾಗಿ ಜೋತುಬಿದ್ದಿರುತ್ತೆ, ಇಲ್ಲವೇ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿರುತ್ತೆ. ಆ ಕರಿಯನ್ನು ಫ್ಲೈವೀಲ್ (ಬೆಲ್ಟ್ ತಿರುಗಿಸುವ ಭಾರದ ಚಕ್ರ) ಮತ್ತು ಮೋಟಾರ್ ತುದಿಯ ಸಣ್ಣ ಗಾಲಿಯಿಂದ (ಪುಲ್ಲಿ) ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿಯಿಂದ ಪೂರ್ತಿ ತೆಗೆಯಬೇಕು, ಚೂರು ಉಳಿದರೂ ಹಾಡು ತೂರಾಡುತ್ತೆ. ಥಿನ್ನರ್, ಪೆಟ್ರೋಲ್ ಬೇಡ, ಪ್ಲಾಸ್ಟಿಕ್ ತಿಂದುಬಿಡುತ್ತವೆ. ಆಮೇಲೆ ಬೆಲ್ಟ್ ಓಡುವ ದಾರಿಗೆ ದಾರ ಸುತ್ತಿ ಉದ್ದ ಅಳೆಯಿರಿ, ಹೊಸ ಬೆಲ್ಟ್ ಅದಕ್ಕಿಂತ ನೂರಕ್ಕೆ ಐದರಿಂದ ಹತ್ತರಷ್ಟು ಚಿಕ್ಕದಿರಲಿ. ತೀರಾ ಬಿಗಿಯಾದರೆ ಮೋಟಾರ್ ತಿಣುಕುತ್ತೆ, ಸಡಿಲವಾದರೆ ಟೇಪ್ ಚಕ್ರಕ್ಕೆ ಸುತ್ತಿಕೊಳ್ಳದೆ, ಅದನ್ನು ಒತ್ತಿ ಹಿಡಿಯುವ ರಬ್ಬರ್ ರೋಲರ್‌ಗೆ ಸಿಕ್ಕಿಕೊಳ್ಳುತ್ತೆ. ತರಕಾರಿ ಕಟ್ಟುವ ರಬ್ಬರ್ ಬ್ಯಾಂಡ್ ಹಾಕಿ ನೋಡೋಣ ಅನ್ನೋರ ಮಾತು ಕೇಳಬೇಡಿ.

ಬಿಚ್ಚಿದ ಮೇಲೆ ಟೇಪಿನಿಂದ ಸದ್ದು ಓದುವ ಹೆಡ್, ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಡ್ಡಿಗೂ ಅದೇ ಆಲ್ಕೋಹಾಲ್ ಆಡಿಸಿ. ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಟೇಪಿನಿಂದ ಉದುರಿದ ಕಬ್ಬಿಣದ ಆಕ್ಸೈಡ್. ಒತ್ತುವ ರಬ್ಬರ್ ರೋಲರ್‌ಗೆ ಸೋಪಿನ ನೀರು ಸಾಕು. ಕ್ಯಾಪ್‌ಸ್ಟನ್ ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ ಬಿಡುವ ಚಾಳಿ ಇದೆಯಲ್ಲ, ಇಲ್ಲಿ ಅದು ಬೇಡವೇ ಬೇಡ. ಚಳಿಗೆ ಗಟ್ಟಿಯಾಗುತ್ತೆ, ಬರಬರುತ್ತಾ ಜಿಡ್ಡಾಗಿ ಹಿಡಿದುಕೊಳ್ಳುತ್ತೆ.

ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಆ ವಾಲ್ಯೂಮ್ ಕಂಟ್ರೋಲಿನೊಳಗೇ ಕೊಳೆ ಕೂತಿರುತ್ತೆ. ಪ್ಲೇಯಲ್ಲಿ ಕೂಗಿದಂತೆ ಸದ್ದು ಬಂದರೆ, ಬೋರ್ಡ್ ಮೇಲಿನ ಉದ್ದನೆಯ ರೆಕಾರ್ಡ್-ಪ್ಲೇ ಸ್ವಿಚ್ ನೋಡಿ. ಒಳಗೆ ಕಿಲುಬು ಕಟ್ಟಿರುತ್ತೆ. ಎರಡಕ್ಕೂ ಕಾಂಟ್ಯಾಕ್ಟ್ ಕ್ಲೀನರ್ (ಸ್ವಿಚ್ ತೊಳೆಯುವ ಸ್ಪ್ರೇ) ಹೊಡೆದು ಹತ್ತಾರು ಸಲ ಹಿಂದೆಮುಂದೆ ಆಡಿಸಿ. ಪಕ್ಕದಲ್ಲೇ ಹಳದಿ, ಬಿಳಿ, ಕಪ್ಪು ತಲೆಯ ಪುಟ್ಟ ಲೋಹದ ಡಬ್ಬಿಗಳಿರುತ್ತವೆ, ತಿರುಗಿಸಲು ಕೈ ತುರಿಸುತ್ತೆ. ಮುಟ್ಟಬೇಡಿ, ಚೆನ್ನಾಗಿರೋ ರೇಡಿಯೋ ಟ್ಯೂನಿಂಗ್ ಕೆಟ್ಟುಹೋಗುತ್ತೆ.

ಟೇಪ್ ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂ.ಮೀ. ಹೊಸ ಬೆಲ್ಟ್ ಹಾಕಿದ ಮೇಲೆ ಹಾಡು ಎಳೆದಂತೆ ಕೇಳಿದರೆ ಹೆಚ್ಚಿನ ಮೋಟಾರ್‌ಗಳ ಬೆನ್ನಲ್ಲಿ ಸಣ್ಣ ತೂತು ಇರುತ್ತೆ, ಅದರೊಳಗಿನ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ. ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್ ಒಂದನ್ನು ಹಾಕಿ, ಅದೇ ಹಾಡನ್ನು ಮೊಬೈಲಲ್ಲೂ ಕೇಳಿಸಿ ಶ್ರುತಿ ಕೂಡಿಸಿದರೆ ಸಾಕು.

ನಿಮಗೆ ನಿಜವಾಗಿ ಬೇಕಿರೋದು ಅಜ್ಜಿ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ ಅಂದಿರಿ, ಅದೂ ಇದೇ ಸೆಟ್ಟಲ್ಲಿ ರೆಕಾರ್ಡ್ ಆದದ್ದು. ಹಾಗಿದ್ದರೆ ಹೆಡ್ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂ ಬಗ್ಗೆ ಎಚ್ಚರ. ಹೆಡ್ ಎಷ್ಟು ಓರೆ ನಿಂತಿದೆ ಅನ್ನೋದು ಅದರಿಂದ ಬದಲಾಗುತ್ತೆ. ಕೊಂಡ ಕ್ಯಾಸೆಟ್ ಮಂಕಾಗಿ ಕೇಳುತ್ತೆ ಅಂತ ಅದನ್ನು ತಿರುಗಿಸಿ ಸರಿಮಾಡಿದಿರೋ, ಅಜ್ಜಿಯ ದನಿ ಮಂಕಾಗುತ್ತೆ. ಆ ಓರೆಯಲ್ಲೇ ಅದು ಟೇಪಿನ ಮೇಲೆ ಕೂತಿದೆ. ಬೇರೆ ಒಳ್ಳೆಯ ಡೆಕ್ಕಿಗಿಂತ ಈ ಹಳೇ ಪೆಟ್ಟಿಗೆಯೇ ಅದಕ್ಕೆ ಹೊಂದಬಹುದು. ಹಾಗಾಗಿಯೇ ಇದನ್ನು ಗುಜರಿಗೆ ಹಾಕಬೇಡಿ ಅನ್ನೋದು.

ಆ ಕ್ಯಾಸೆಟ್ ಹಾಕುವ ಮೊದಲು ಬೆನ್ನಲ್ಲಿರುವ ಎರಡು ಪ್ಲಾಸ್ಟಿಕ್ ಎಸಳು ಮುರಿಯಿರಿ, ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸಿಹೋಗಲ್ಲ. ಟೇಪನ್ನು ಹೆಡ್ಡಿಗೆ ಒತ್ತುವ ಒಳಗಿನ ಪುಟ್ಟ ಫೆಲ್ಟ್ (ಮೆತ್ತನೆ ಬಟ್ಟೆ) ತುಂಡು ಜಾಗದಲ್ಲಿದೆಯಾ ನೋಡಿ. ಬಿಳಿ ಬೂಷ್ಟು ಹತ್ತಿದ್ದರೆ ಓಡಿಸಲೇಬೇಡಿ. ಮೊದಲು ಬೇಡದ ಒಂದು ಕ್ಯಾಸೆಟ್ ಎರಡೂ ಬದಿ ಪೂರ್ತಿ ಓಡಲಿ, ಸುತ್ತಿಕೊಳ್ಳದಿದ್ದರೆ ಆಮೇಲೆ ಅಜ್ಜಿಯದು. ಇಯರ್‌ಫೋನ್ ತೂತಿನಿಂದ ಲೈನ್-ಇನ್ (ಹೊರಗಿನ ಸದ್ದು ಒಳತೆಗೆದುಕೊಳ್ಳುವ ತೂತು) ಇರುವ ಕಂಪ್ಯೂಟರಿಗೆ ವೈರ್ ಕೊಟ್ಟು, ವಾಲ್ಯೂಮ್ ಕಡಿಮೆಯಿಂದ ಶುರುಮಾಡಿ, ಮೊದಲ ಸಲವೇ ರೆಕಾರ್ಡ್ ಮಾಡಿಕೊಳ್ಳಿ.

ಬೆಲ್ಟ್ ಬೇಕಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ವಿಚಾರಿಸಿ, ಸಿಗದಿದ್ದರೆ ಆನ್‌ಲೈನಲ್ಲಿ ಬೇರೆಬೇರೆ ಅಳತೆಯ ಪೊಟ್ಟಣಗಳಿವೆ. ದಾರದ ಅಳತೆಯನ್ನು ಇಲ್ಲಿ ಬರೆದರೆ ಯಾವುದು ಕೂರುತ್ತೆ ಅಂತ ಹೇಳ್ತೀನಿ.