ಹಳೇ ಗೈಡ್ ಬುಕ್ ಸಾಕಾ?

ಪ್ರಶ್ನೆ: ಮಗಳ ಜೊತೆ ಜಪಾನಿಗೆ ಹೊರಟಿದ್ದೇನೆ. 2019ರ ಗೈಡ್ ಬುಕ್ ಅಗ್ಗಕ್ಕೆ ಸಿಕ್ಕಿದೆ. ಸಾಕಾ?
– ಓದುಗರೊಬ್ಬರು, ಹಾಸನ

ಉತ್ತರ: ದೇವಸ್ಥಾನ, ಇತಿಹಾಸ ಓದೋಕೆ ಸಾಕು. ದುಡ್ಡಿನ ಲೆಕ್ಕಕ್ಕೆ ಮಾತ್ರ ನಂಬಬೇಡಿ, ಏಕೆಂದರೆ ಏಳು ದಿನದ ರೈಲು ಪಾಸ್ 29,650 ಯೆನ್ ಇದ್ದದ್ದು 2023ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ 50,000 ಆಯಿತು. ಹೊಸದು ಕೊಳ್ಳುವುದಾದರೆ ಮುಖಪುಟದ ಫೂಜಿ ಪರ್ವತಕ್ಕೆ ಮರುಳಾಗದೆ ಒಳಗೆ ಅಚ್ಚಾದ ವರ್ಷ ನೋಡಿ. ನಾನು ಇನ್ನೊಂದು ಕೆಲಸ ಮಾಡುತ್ತೇನೆ: ಅದೇ ಪ್ರಕಾಶಕರ ಭಾರತದ ಪುಸ್ತಕದಲ್ಲಿ ಬೇಲೂರು, ಹಳೇಬೀಡಿನ ಪುಟ ತೆಗೆಯುತ್ತೇನೆ. ನಮ್ಮೂರಿನ ಬಸ್ಸಿನ ವಿಷಯವೇ ತಪ್ಪಿದ್ದರೆ ಕ್ಯೋಟೋದ್ದು ಸರಿ ಇರುತ್ತದೆ ಅಂತ ಹೇಗೆ ನಂಬೋದು, ಅಲ್ವಾ? ಸಸ್ಯಾಹಾರಿಗಳಾದರೆ ‘ದಾಶಿ’ ಬಗ್ಗೆ ಬರೆದಿದೆಯಾ ನೋಡಿ. ತರಕಾರಿ ಸೂಪಿನಲ್ಲೂ ಸಾಮಾನ್ಯವಾಗಿ ಆ ಮೀನಿನ ಸಾರು ಇರುತ್ತದೆ!