ಕಾರು ಮಾರಿದ್ದಾಯ್ತು, ದಂಡ ಮಾತ್ರ ನನ್ನ ಹೆಸರಿಗೇ ಬರುತ್ತಿದೆ!

ಪ್ರಶ್ನೆ: ಹಳೇ ಕಾರನ್ನು ಡೀಲರ್ ಒಬ್ಬರಿಗೆ ಮಾರಿ ವರ್ಷವಾಗುತ್ತಾ ಬಂತು. ದುಡ್ಡು ಪೂರ್ತಿ ಬಂದಿದೆ. ಆರ್‌ಸಿ ಕೊಟ್ಟು, ಫಾರ್ಮ್‌ಗಳಿಗೆ ಸಹಿ ಹಾಕಿದ್ದೇನೆ. ಈಗ ಸಿಗ್ನಲ್ ಜಂಪ್ ಚಲನ್‌ಗಳು ನನ್ನ ಮೊಬೈಲಿಗೆ ಬರುತ್ತಿವೆ. ಡೀಲರ್ ಕೇಳಿದರೆ, 'ಗಾಡಿ ಬೇರೆಯವರಿಗೆ ಹೋಗಿದೆ ಸಾರ್, ಮಾಡಿಸ್ತೀನಿ' ಅನ್ನುತ್ತಾರೆ. ನನಗೆ ತೊಂದರೆ ಆಗಬಹುದೇ?

ಉತ್ತರ: ಆಗಬಹುದು. ಚಲನ್ ಬಿಡಿ, ಅದು ಸಣ್ಣದು. ಹೆದರಬೇಕಾದ್ದು ಅಪಘಾತಕ್ಕೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರು. ಕೀ ಯಾರ ಜೇಬಿನಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಕಾರು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗಿತ್ತು, ನೋಂದಣಿ ಮಾತ್ರ ಮೊದಲು ಮಾರಿದವರ ಹೆಸರಲ್ಲೇ ಉಳಿದಿತ್ತು. ಅಪಘಾತದ ಪರಿಹಾರವನ್ನು ಅವರೇ ಕೊಡಬೇಕು ಎಂದು ಕೋರ್ಟ್ ಹೇಳಿತು. ನೀವು ಮಾರಿದಾಗ ಇದ್ದ ಇನ್ಶೂರೆನ್ಸ್ ಈ ಹೊತ್ತಿಗೆ ಮುಗಿದಿರಬಹುದು ಅಲ್ವಾ? ಈಗ ಓಡಿಸುತ್ತಿರುವವರು ಕಟ್ಟಿಲ್ಲದಿದ್ದರೆ ಇಡೀ ಭಾರ ನಿಮ್ಮ ತಲೆಗೇ.

ಇಂಥ ವ್ಯವಹಾರದಲ್ಲಿ ಎಡವಟ್ಟಾಗುವುದು ಸಾಮಾನ್ಯವಾಗಿ ಫಾರ್ಮ್ 29 ಮತ್ತು 30ರಲ್ಲಿ, ಅಂದರೆ ಮಾಲೀಕತ್ವ ಬದಲಾವಣೆಗೆ ಆರ್‌ಟಿಒಗೆ ಕೊಡುವ ಫಾರ್ಮ್‌ಗಳಲ್ಲಿ. ಕೊಳ್ಳುವವರ ಹೆಸರು, ತಾರೀಕು ಎರಡೂ ಖಾಲಿ ಬಿಟ್ಟು ಸಹಿ ಮಾಡಿಸಿಕೊಂಡಿರುತ್ತಾರೆ. ಗಿರಾಕಿ ಸಿಕ್ಕಮೇಲೆ ತುಂಬಿದರಾಯ್ತು ಅನ್ನುವ ಲೆಕ್ಕ. ಅಲ್ಲಿಯವರೆಗೆ ಗಾಡಿ ನಿಮ್ಮದೇ.

2023ರ ಏಪ್ರಿಲ್‌ನಿಂದ ಇದಕ್ಕೊಂದು ಒಳ್ಳೆಯ ನಿಯಮ ಬಂದಿದೆ. ಅಧಿಕೃತ ಡೀಲರ್‌ಗೆ (ಆರ್‌ಟಿಒದಿಂದ ಅಧಿಕಾರಪತ್ರ ಪಡೆದವರಿಗೆ) ಗಾಡಿ ಒಪ್ಪಿಸುವಾಗ, ಒಪ್ಪಿಸಿದ್ದನ್ನು ತಿಳಿಸುವ ಫಾರ್ಮ್ 29ಸಿಯನ್ನು ಸಾರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಸಲ್ಲಿಸಿದ್ದರೆ, ಅಲ್ಲಿಂದ ಮುಂದಿನ ಹೊಣೆ ಡೀಲರ್‌ದು. ಆ ರಸೀದಿ ಇದ್ದರೆ ನೆಮ್ಮದಿಯಾಗಿರಿ. ಇಲ್ಲದಿದ್ದರೆ ಇವತ್ತೇ ಆರ್‌ಟಿಒಗೆ ಲಿಖಿತವಾಗಿ ತಿಳಿಸಿ. ಒಂದೇ ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ ತಿಳಿಸಬೇಕಿತ್ತು. ತಡವಾದರೂ ಕೊಡಿ. ಡೆಲಿವರಿ ನೋಟ್, ಬ್ಯಾಂಕಿಗೆ ಹಣ ಬಂದ ದಾಖಲೆ ಜೊತೆಗಿರಲಿ, ಸ್ವೀಕೃತಿ ಮುದ್ರೆ ಮರೆಯಬೇಡಿ. ಡೀಲರ್‌ಗೂ ನೋಟಿಸ್ ಕಳಿಸಿ. ಸುಮ್ನೆ ಫೋನ್ ಮಾಡುತ್ತಾ ಕೂತರೆ ನಾಳೆ ತೋರಿಸಲು ಏನೂ ಇರುವುದಿಲ್ಲ. ಹೆಸರು ಬದಲಾವಣೆಗೆಂದು ನಿಮ್ಮಿಂದ ಹಣ ಹಿಡಿದುಕೊಂಡಿದ್ದರೆ ಅದು ಸೇವೆಯ ಕೊರತೆ. ಎರಡು ವರ್ಷದೊಳಗೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು.

ಪ್ರಶ್ನೆ: ಹೊಸ ಕಾರು ತಂದ ಎರಡನೇ ವಾರದಿಂದ ಗೇರ್‌ಬಾಕ್ಸ್‌ನಲ್ಲಿ ಶಬ್ದ. ನಾಲ್ಕು ಸಲ ವರ್ಕ್‌ಶಾಪ್‌ಗೆ ಹೋಗಿ ಬಂದಿದೆ. ವಾಪಸ್ ಕೊಟ್ಟು ದುಡ್ಡು ಕೇಳಬಹುದೇ?

ಉತ್ತರ: ಮನಸ್ಸು ಬದಲಾಯಿತೆಂದು ಕಾರು ವಾಪಸ್ ಕೊಡುವ ಹಕ್ಕು ನಮ್ಮಲ್ಲಿಲ್ಲ. ಆದರೆ ತಯಾರಿಕೆಯಲ್ಲೇ ದೋಷವಿದೆ ಎಂದು ಸಾಬೀತಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಆಯೋಗ ಬದಲಿ ಕಾರು ಅಥವಾ ಹಣ ಕೊಡಿಸಬಹುದು. ಸಾಬೀತು ಮಾಡುವುದೇ ಕಷ್ಟ. ತಜ್ಞರ ತಪಾಸಣಾ ವರದಿ ಇಲ್ಲದೆ ಇಂಥ ದೂರು ನಿಲ್ಲುವುದು ಅಪರೂಪ. ಆಯೋಗದ ಮೂಲಕವೇ ತಪಾಸಣೆ ಕೇಳಬಹುದು.

ಅದಕ್ಕೂ ಮೊದಲು ನಾಲ್ಕೂ ಜಾಬ್ ಕಾರ್ಡ್ (ಗಾಡಿ ಬಿಡುವಾಗ ವರ್ಕ್‌ಶಾಪ್‌ನವರು ದೂರು ಬರೆದುಕೊಳ್ಳುವ ಚೀಟಿ) ತೆಗೆದು ನೋಡಿ. ನೀವು 'ಮೂರನೇ ಗೇರಿನಲ್ಲಿ ಕರಕರ' ಅಂದಿರುತ್ತೀರಿ, ಅವರು 'ಜನರಲ್ ಚೆಕಪ್' ಅಂತ ಬರೆದಿರುತ್ತಾರೆ. ಹಾಗಿದ್ದರೆ ನಿಮ್ಮ ದೂರು ಕಾಗದದ ಮೇಲೆ ಇಲ್ಲವೇ ಇಲ್ಲ. ನಾಲ್ಕೂ ಭೇಟಿಯ ತಾರೀಕು, ಹೇಳಿದ ತೊಂದರೆ ಬರೆದು ಕಂಪನಿಗೆ ಇಮೇಲ್ ಹಾಕಿ. ಮುಂದಿನ ಸಲ ನಿಮ್ಮ ಮಾತಿನಲ್ಲೇ ದೂರು ಬರೆಯುವವರೆಗೆ ಜಾಬ್ ಕಾರ್ಡ್‌ಗೆ ಸಹಿ ಹಾಕಬೇಡಿ.